ಉಪ್ಪು ಬೆರೆತ ಐಸು ಮಂಡಿಗಲ್ಲ

ಆ ಬೀದಿಯಲ್ಲಿ ಐಸಿನ ವಿಷಯಕ್ಕೆ ಐಸಣ್ಣನ ಮಾತೇ ಕೊನೆಯ ಮಾತು. ಅವನದು ಐಸ್‌ಕ್ರೀಮ್ ಅಂಗಡಿ. ಯಂತ್ರ ಗಿಂತ್ರ ಏನಿಲ್ಲ. ಒಂದು ಮರದ ಪೀಪಾಯಿ, ಅದರೊಳಗೆ ಹಾಲು ತುಂಬಿದ ತಗಡಿನ ಡಬ್ಬ, ಡಬ್ಬದ ಸುತ್ತ ಪುಡಿ ಮಾಡಿದ ಐಸು, ಐಸಿನ ಮೇಲೆ ಕಲ್ಲುಪ್ಪು. ಹಿಡಿಕೆ ತಿರುಗಿಸಿ ತಿರುಗಿಸಿ ಅವನ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ಯಾರ ಹಣೆ ಊದಲಿ, ಯಾರ ಬೆರಳು ಜಜ್ಜಲಿ, ಅವನ ಅಂಗಡಿಗೇ ಬರುತ್ತಿದ್ದರು. ಅವನೂ ಧಾರಾಳಿ. ಕೇಳಿದವರಿಗೆ ಒಂದು ಹಿಡಿ ಐಸು, ಜೊತೆಗೆ ಎರಡು ಹಿಡಿ ಉಪದೇಶ.

ಹೀಗಿರುವಾಗ ಮಂಡಿ ನೋವು ಅವನ ಮನೆಗೇ ಬಂತು. ಹೆಂಡತಿ ಅಂಚೆ ಹಂಚುವವಳು, ಸೈಕಲ್ ಮೇಲೆ ಊರೆಲ್ಲ ಸುತ್ತುವವಳು. ಯಾರದೋ ಮನೆಯ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಂಡಿಯ ಒಳಗೆ ಪೆಟ್ಟಾಗಿ, ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿ ಗಾಯವೂ ಮಾಗಿತ್ತು. ಇನ್ನು ಉಳಿದದ್ದು ವ್ಯಾಯಾಮ. ಮಂಡಿ ಮೊದಲಿನಂತೆ ಮಡಚಿದರೆ ಸೈಕಲ್. ಇಲ್ಲವಾದರೆ ಅಂಚೆ ಕಚೇರಿಯ ಮೂಲೆಯಲ್ಲಿ ಕೂತು ದಿನವಿಡೀ ಠಸ್ಸೆ ಒತ್ತುವ ಕೆಲಸ. ಆ ಮೂಲೆಯ ಕುರ್ಚಿಯನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ವ್ಯಾಯಾಮ ಮಾಡಿಸುತ್ತಿದ್ದವಳು ಐಸಣ್ಣನ ತಂಗಿ, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿ ಎಲ್ಲರಿಗೂ ಮೇಡಂ, ಅಣ್ಣನಿಗೆ ಮಾತ್ರ ಇನ್ನೂ ಪುಟ್ಟಿ. ವ್ಯಾಯಾಮ ಮುಗಿದ ಮೇಲೆ ಮಂಡಿ ಸ್ವಲ್ಪ ಊದುತ್ತದೆ, ಆಗ ಐಸು ಇಡಿ ಎಂದು ಅವಳು ಹೇಳಿದ್ದಳು. ಹೇಗೆ ಇಡಬೇಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈ ಅಡ್ಡ ಮಾಡಿದ.

“ಬೇರೆ ಏನಾದ್ರೂ ಹೇಳ್ಕೊಡು ಪುಟ್ಟಿ. ಐಸಿನ ಬಗ್ಗೆ ನನಗೇ ಪಾಠ ಮಾಡ್ಬೇಡ.”

ತಂಗಿ ನಕ್ಕು ಸುಮ್ಮನಾದಳು. ಸುಮ್ಮನಾಗಬಾರದಿತ್ತು.

ಮೊದಮೊದಲು ಫ್ರಿಜ್ಜಿನ ಐಸು ಇಟ್ಟರು. ಊತ ಇಳಿಯುತ್ತಿತ್ತು, ಮರುದಿನ ವ್ಯಾಯಾಮವಾದ ಮೇಲೆ ಮತ್ತೆ ಬರುತ್ತಿತ್ತು. ಐಸಣ್ಣನಿಗೆ ಇದು ಸರಿಬರಲಿಲ್ಲ. ಫ್ರಿಜ್ಜಿನ ಐಸಿಗೆ ಶಕ್ತಿ ಸಾಲದು, ತಂಪು ಹೆಚ್ಚಾದಷ್ಟೂ ಗುಣ ಹೆಚ್ಚು ಎಂದು ಅವನ ಲೆಕ್ಕ. ಒಂದು ಮಧ್ಯಾಹ್ನ ಪೀಪಾಯಿಯಿಂದಲೇ ಉಪ್ಪು ಬೆರೆತ ಐಸನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತಂದ. ಚೀಲವನ್ನು ಬರಿ ಚರ್ಮದ ಮೇಲಿಟ್ಟು, ಅಲ್ಲಾಡದಂತೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದ.

ಮೊದಲು ಚುರುಚುರು ಎಂದಿತು. ಆಮೇಲೆ ಅವಳಿಗೆ ಏನೂ ಗೊತ್ತಾಗಲಿಲ್ಲ. ಆಪರೇಷನ್ ಗುರುತಿನ ಪಕ್ಕದ ಚರ್ಮ ಮೊದಲೇ ಜೋಮು ಹಿಡಿದಂತಿತ್ತು. ನೋವೇ ಇಲ್ಲ ರೀ ಎಂದು ಹೇಳಿ ಹಾಗೇ ನಿದ್ದೆಹೋದಳು. ಐಸಣ್ಣ ಮೀಸೆಯಲ್ಲೇ ನಗುತ್ತ ಅಂಗಡಿಗೆ ಹೊರಟ.

ಸಂಜೆಗೆ ಬರಬೇಕಿದ್ದ ತಂಗಿ ಅಂದು ಬೇಗ ಬಂದಳು. ಕಟ್ಟು ಬಿಚ್ಚಿದರೆ ಮಂಡಿಯ ಪಕ್ಕದಲ್ಲಿ ಚರ್ಮ ಮೇಣದಂತೆ ಬೆಳ್ಳಗಾಗಿ, ಮುಟ್ಟಿದರೆ ಬಿರುಸಾಗಿತ್ತು. ಕರೆ ಹೋದ ಕೂಡಲೇ ಐಸಣ್ಣ ಓಡಿ ಬಂದ. ನೋಡಿದವನೇ ಎರಡೂ ಅಂಗೈಯಿಂದ ಮಂಡಿ ಉಜ್ಜಲು ಕೂತ.

“ಉಜ್ಜಬೇಡ ಅಣ್ಣ, ಚರ್ಮ ಕಿತ್ತು ಬರುತ್ತೆ. ಕುದಿಯೋ ನೀರೂ ತರಬೇಡ. ಉಗುರುಬೆಚ್ಚಗಿನ ನೀರು ತಗೊಂಡು ಬಾ, ಬಟ್ಟೆ ಅದ್ದಿ ಇಡೋಣ, ಆಮೇಲೆ ಡಾಕ್ಟರ ಹತ್ರ ಹೋಗೋಣ.”

ಡಾಕ್ಟರು ನೋಡಿ, ಮೇಲಿನ ಚರ್ಮ ಮಾತ್ರ ಸುಟ್ಟಿದೆ, ವಾಸಿಯಾಗುತ್ತದೆ ಎಂದರು. ಆದರೆ ಬೊಬ್ಬೆ ಏಳುತ್ತದೆ, ಅದು ಒಣಗುವವರೆಗೆ ಮಂಡಿ ಮಡಚುವ ವ್ಯಾಯಾಮ ಬಂದ್. ಹೆಂಡತಿ ಮನೆಗೆ ಬಂದು ಮಂಚದ ಮೇಲೆ ಕೂತ ಮೇಲೆ, “ಆ ಕುರ್ಚಿನೇ ನನಗೆ ಗತಿ ಅಂತ ಕಾಣುತ್ತೆ ರೀ,” ಎಂದಳು. ಐಸಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಆದರೂ ಒಂದು ಮಾತು ಅವನ ತಲೆಗೆ ಹತ್ತಲಿಲ್ಲ. ಬೆಂಕಿ ಸುಡುತ್ತದೆ, ಸರಿ. ತಣ್ಣಗಿರುವುದು ಸುಡುವುದು ಹೇಗೆ? ತನ್ನ ಕೈ ದಿನಾ ಅದೇ ಪೀಪಾಯಿಯಲ್ಲಿ ಆಡುತ್ತದಲ್ಲ ಎಂದು ತಂಗಿಯನ್ನು ಕೇಳಿದ. ತಂಪು ಕಚ್ಚಿದ ಕೂಡಲೇ ನೀನು ಕೈ ಹಿಂದೆ ತೆಗೆಯುತ್ತೀಯ, ಅತ್ತಿಗೆಗೆ ಕಚ್ಚಿದ್ದೇ ತಿಳಿಯಲಿಲ್ಲ ಎಂದಳು ಅವಳು. ಆಮೇಲೆ ಅವನ ಕಸುಬಿಗೇ ಕೈ ಹಾಕಿದಳು.

“ಡಬ್ಬದ ಸುತ್ತ ಬರೀ ಐಸು ತುಂಬಿದ್ರೆ ಐಸ್‌ಕ್ರೀಮ್ ಆಗುತ್ತಾ?”

“ಎಲ್ಲಿಂದ ಆಗುತ್ತೆ? ತೋಳು ಬಿದ್ದು ಹೋಗೋ ತನಕ ತಿರುಗಿಸಿದ್ರೂ ಅಷ್ಟೇ. ಉಪ್ಪು ಬೀಳ್ಬೇಕು. ಉಪ್ಪು ಬಿದ್ರೇನೇ ಅದು ಐಸಿಗಿಂತ ತಣ್ಣಗಾಗಿ, ಒಳಗಿನ ಹಾಲು ಗಟ್ಟಿ…”

ಅವನ ಕಣ್ಣು ಹೆಂಡತಿಯ ಮಂಡಿಯ ಕಡೆ ಹೋಯಿತು.

“ಚರ್ಮದೊಳಗೂ ನೀರಿರುತ್ತೆ ಅಣ್ಣ. ಅದೂ ಹಾಗೇ ಹೆಪ್ಪುಗಟ್ಟುತ್ತೆ.”

ಐಸಣ್ಣ ಕುರ್ಚಿಯನ್ನು ತಂಗಿಯ ಹತ್ತಿರಕ್ಕೆ ಎಳೆದುಕೊಂಡು, ಅಂದು ಬೇಡವೆಂದ ಪಾಠ ಈಗ ಹೇಳು ಎಂದ.

ತಂಗಿ ಬಿಡಿಸಿ ಬಿಡಿಸಿ ಹೇಳಿದಳು. ಐಸು ಬರೀ ನೀರಿನದಾಗಿರಬೇಕು. ಚೀಲಕ್ಕೆ ಐಸಿನ ಜೊತೆ ಸ್ವಲ್ಪ ನೀರು ಹಾಕಿದರೆ ಮಂಡಿಯ ಸುತ್ತ ಚೆನ್ನಾಗಿ ಕೂರುತ್ತದೆ. ಚೀಲಕ್ಕೂ ಚರ್ಮಕ್ಕೂ ನಡುವೆ ಒಂದು ಬಟ್ಟೆ ಇರಲೇಬೇಕು. ಹತ್ತು ಹದಿನೈದು ನಿಮಿಷ ಸಾಕು, ಇಪ್ಪತ್ತು ದಾಟಲೇಬಾರದು. ನಡುನಡುವೆ ಬಟ್ಟೆ ಎತ್ತಿ ನೋಡಬೇಕು. ಬೆಳ್ಳಗಾದರೆ, ನೀಲಿಯಾದರೆ, ಬೊಬ್ಬೆ ಕಂಡರೆ, ಉರಿ ತಡೆಯದಾದರೆ ತಕ್ಷಣ ತೆಗೆಯಬೇಕು. ಮತ್ತೆ ಇಡಬೇಕಾದರೆ ಒಂದೆರಡು ಗಂಟೆ ಬಿಟ್ಟು, ಚರ್ಮ ಪೂರ್ತಿ ಬೆಚ್ಚಗಾದ ಮೇಲೆ. ಬಿಗಿದು ಕಟ್ಟುವುದು ಬೇಡ, ಐಸು ಇಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಜೋಮು ಹಿಡಿದ ಜಾಗಕ್ಕೆ ಡಾಕ್ಟರನ್ನು ಕೇಳದೆ ಇಡಬಾರದು. ವ್ಯಾಯಾಮ ಮುಗಿದ ಮೇಲೆ ಇಡಬೇಕು, ಮೊದಲು ಬೇಡ. ವ್ಯಾಯಾಮಕ್ಕೆ ಮೊದಲು ಏಕೆ ಬೇಡ ಎಂದು ಅತ್ತಿಗೆ ಕೇಳಿದಳು. ಮರಗಟ್ಟಿದ ಮಂಡಿಗೆ ನೋವು ತಿಳಿಯುವುದಿಲ್ಲ, ನೋವು ತಿಳಿಯದಿದ್ದರೆ ಎಲ್ಲಿ ನಿಲ್ಲಿಸಬೇಕೆಂದೂ ತಿಳಿಯುವುದಿಲ್ಲ ಎಂದಳು ತಂಗಿ.

ಬೊಬ್ಬೆ ಒಣಗಿತು. ವ್ಯಾಯಾಮಕ್ಕೂ ಐಸಿಗೂ ಡಾಕ್ಟರು ಹೂಂ ಎಂದ ಮೇಲೆ ಎರಡೂ ಮತ್ತೆ ಶುರುವಾದವು. ಈಗ ಐಸು ಇಡುವಾಗ ಐಸಣ್ಣ ಪಕ್ಕದಲ್ಲೇ ಗಡಿಯಾರ ನೋಡುತ್ತ ಕೂರುತ್ತಿದ್ದ. ನಿಮಿಷಕ್ಕೊಂದು ಸಲ ಬಟ್ಟೆ ಎತ್ತಿ ಇಣುಕುತ್ತಿದ್ದ. ಇಷ್ಟು ಎತ್ತಿದರೆ ಐಸಿಗೇ ನೆಗಡಿಯಾಗುತ್ತೆ ಎಂದು ಹೆಂಡತಿ ರೇಗಿಸುತ್ತಿದ್ದಳು. ಮಂಡಿ ದಿನಕ್ಕಿಷ್ಟು ದಿನಕ್ಕಿಷ್ಟು ಸಡಿಲವಾಯಿತು.

ಒಂದು ದಿನ ಗಾರೆ ಕೆಲಸದವನೊಬ್ಬ ಕಾಲು ಉಳುಕಿಸಿಕೊಂಡು ಕುಂಟುತ್ತ ಅಂಗಡಿಗೆ ಬಂದು, ಪೀಪಾಯಿಯ ಜೋರು ಐಸು ಕೊಡು ಎಂದು ಕೇಳಿದ. ಐಸಣ್ಣ ಪೀಪಾಯಿಯ ಮೇಲೆ ಮುಚ್ಚಳ ಎಳೆದ. “ಇದು ಹಾಲು ಗಟ್ಟಿ ಮಾಡೋಕೆ ಕಣಪ್ಪ. ನಿನ್ನ ಕಾಲಿಗೆ ಬೇರೆ ಕೊಡ್ತೀನಿ, ಕೂತ್ಕೋ,” ಎಂದು ಬರೀ ಐಸನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟ. ಊತ ಇಳಿಯದಿದ್ದರೆ, ಕಾಲೂರಲು ಆಗದಿದ್ದರೆ ನೇರ ಆಸ್ಪತ್ರೆಗೆ ಹೋಗು ಎಂದೂ ಸೇರಿಸಿದ.

ಅವನಿನ್ನೂ ಆ ಕಾಲಿನ ಹತ್ತಿರ ಬಗ್ಗಿರುವಾಗಲೇ ಹೊರಗೆ ಸೈಕಲ್ ಗಂಟೆ ಕೇಳಿಸಿತು. ಹೆಂಡತಿ ಖಾಕಿ ಚೀಲ ಹೊತ್ತು, ಎರಡೂ ಕಾಲಲ್ಲಿ ಪೆಡಲ್ ತುಳಿಯುತ್ತ ಬರುತ್ತಿದ್ದಳು. ಅವನು ಬಾಗಿಲಿಗೆ ಓಡಿ ಬಂದು ಕೈಯೆತ್ತಿದ. ಅವಳು ನಿಲ್ಲಲಿಲ್ಲ. ಹಂಚಬೇಕಾದ ಅಂಚೆ ಇನ್ನೂ ಬಹಳ ಇದೆ ಎಂದು ಹೇಳುತ್ತಲೇ ಮುಂದೆ ಸಾಗಿದಳು. ಅವಳು ತಿರುವು ದಾಟುವವರೆಗೂ ಐಸಣ್ಣ ನೋಡುತ್ತ ನಿಂತ. ಅವನ ಕಣ್ಣು ತುಂಬಿತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಬಿದ್ದು, ಆಪರೇಷನ್ ಆಗಿ, ಮತ್ತೆ ನಡೆಯಲು ಕಲಿಯುತ್ತಿರಬಹುದು. ಐಸು ಅವರಿಗೆ ನೆರವಾಗುತ್ತದೆ, ಆದರೆ ಅಳತೆ ಮೀರಿದರೆ ಸುಡುತ್ತದೆ. ನಡುವೆ ಬಟ್ಟೆ ಇರಲಿ, ಕಣ್ಣು ಗಡಿಯಾರದ ಮೇಲಿರಲಿ. ಸಕ್ಕರೆ ಕಾಯಿಲೆ, ಕಾಲು ಮರಗಟ್ಟುವಿಕೆ, ರಕ್ತ ಸರಿಯಾಗಿ ಹರಿಯದ ತೊಂದರೆ, ತಂಪು ತಾಗಿದರೆ ದದ್ದೇಳುವ ಮೈ ಇದ್ದವರು ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ. ನಮಗೆಲ್ಲ ಗೊತ್ತು ಎಂದುಕೊಂಡು ಕೇಳದೆ ಬಿಡಬೇಡಿ. ನಿಮ್ಮವರೂ ಬೇಗ ಎದ್ದು ತಮ್ಮ ಕೆಲಸಕ್ಕೆ ಹೊರಡಲಿ.