ಎಂಟು ಡಬ್ಬಾ

ಒಳ್ಳೆಯ ಸಿನಿಮಾ ನೋಡುವುದಕ್ಕೆ ಊರೆಲ್ಲ ಇದೆ. ನನಗೆ ಬೇಕಾದದ್ದು ನಾಲ್ಕೇ ದಿನ ಓಡಿ ಮಕಾಡೆ ಮಲಗಿದ, ತೆಗೆದವನೇ ಮರೆತುಬಿಟ್ಟ, ತಲೆಕೆಟ್ಟವರು ಮಾತ್ರ ಮಾಡಬಹುದಾದ ಸಿನಿಮಾ. ಹಗಲೆಲ್ಲ ತೆಲುಗು ನಾಡಿನ ಮಾದಾಪುರದಲ್ಲಿ ಕೂತು ಅಮೆರಿಕದವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು, ಮಿಕ್ಕ ಹೊತ್ತಿನಲ್ಲಿ ಇಂಥವನ್ನು ಹುಡುಕುವುದು. ನಮ್ಮದೊಂದು ಇ-ಮೇಲ್ ಗುಂಪೂ ಇತ್ತು, ಒಟ್ಟು ಏಳು ಜನ. ಯಾರಿಗಾದರೂ ತಗಡಿನ ಡಬ್ಬಾದಲ್ಲಿಟ್ಟ ಹಳೆಯ ಪ್ರಿಂಟ್ ಸಿಕ್ಕರೆ ‘ಡಬ್ಬಾ ಸಿಕ್ಕಿತು’ ಎಂದು ಬರೆದು ಉಳಿದ ಆರು ಜನರ ಹೊಟ್ಟೆ ಉರಿಸುತ್ತಿದ್ದೆವು.

2003ರಲ್ಲಿ ನನ್ನ ತಲೆಗೆ ಹತ್ತಿದ್ದು ‘ಚಂದ್ರಲೋಕದಲ್ಲಿ ಚಿಕ್ಕಮ್ಮ’. ಮೂವತ್ತೆರಡು ವರ್ಷ ಹಿಂದಿನ ಕಪ್ಪು-ಬಿಳುಪು ಸಿನಿಮಾ. ಚಿಕ್ಕಮ್ಮನೊಬ್ಬಳು ಒರಳುಕಲ್ಲಿನ ಸಮೇತ ಚಂದ್ರನಲ್ಲಿಗೆ ಹೋಗುತ್ತಾಳಂತೆ. ಇನ್ನೇನು ಬೇಕು! ಆ ಚಿಕ್ಕಮ್ಮನನ್ನೇ ಹುಡುಕಿ ಹಿಡಿದೆ. ಮೈಸೂರಿನ ವತ್ಸಲಮ್ಮ, ರೈಲ್ವೆಯಲ್ಲಿದ್ದ ಗಂಡನ ಜೊತೆ ಬಂದು ಇದೇ ಊರಿನ ಮಲ್ಕಾಜ್‌ಗಿರಿಯಲ್ಲೇ ನೆಲೆಸಿದ್ದರು. ಅವರು ನಟಿಸಿದ್ದು ಅದೊಂದೇ ಸಿನಿಮಾ.

“ನಾನೇ ನೋಡಿಲ್ಲ ಕಣೋ ಋಷಭ,” ಎಂದರು. “ಅದು ಬಿಡುಗಡೆಯಾದಾಗ ನಾನು ಹಸಿ ಬಾಣಂತಿ. ಥಿಯೇಟರಿಗೆ ಹೋಗ್ತೀನಿ ಅಂದ್ರೆ ನಮ್ಮಮ್ಮ ಬಿಡ್ತಾಳಾ? ನಾನು ಕೋಣೆಯಿಂದ ಹೊರಗೆ ಬರೋಷ್ಟರಲ್ಲಿ ಸಿನಿಮಾ ಎತ್ತಂಗಡಿ. ಒಂದು ಫೋಟೋನೂ ಇಲ್ಲ. ಮೊಮ್ಮಕ್ಕಳಿಗೆ ಹೇಳಿದ್ರೆ ಅಜ್ಜಿ ರೀಲು ಬಿಡ್ತಾಳೆ ಅಂತಾರೆ. ಒಂದೇ ಒಂದು ಸಲ ನನ್ನ ಮುಖ ನಾನು ನೋಡ್ಬೇಕು.”

“ನಾನು ತೋರಿಸ್ತೀನಮ್ಮ,” ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಎರಡು ತಿಂಗಳು ಅಲೆದ ಮೇಲೆ ಸುಳಿವು ಸಿಕ್ಕಿತು. ಹಂಚಿಕೆದಾರನೊಬ್ಬ ಗೋದಾಮು ಖಾಲಿ ಮಾಡಿ ಇದ್ದಬದ್ದ ಪ್ರಿಂಟುಗಳನ್ನೆಲ್ಲ ಜೀಡಿಮೆಟ್ಲಾದ ಸಣ್ಣ ಕಾರ್ಖಾನೆಯೊಂದಕ್ಕೆ ತೂಕಕ್ಕೆ ಹಾಕಿದ್ದ. ಅಲ್ಲಿ ಹಳೆಯ ಫಿಲ್ಮನ್ನು ತೊಳೆದು ಅದರಲ್ಲಿರುವ ಬೆಳ್ಳಿ ತೆಗೆಯುತ್ತಾರೆ. ಸೋಮವಾರ ಬೆಳಿಗ್ಗೆಯೇ ಫೋನ್ ಮಾಡಿದೆ. ಕನ್ನಡ ಓದಲು ಬರುವವನು ಇವನೊಬ್ಬನೇ ಎಂದು ರಾಯಚೂರಿನ ಕಡೆಯ ಕೆಲಸಗಾರ ಸಂಗಣ್ಣನ ಕೈಗೆ ಫೋನ್ ಕೊಟ್ಟರು.

“ಚಂದ್ರಲೋಕದಲ್ಲಿ ಚಿಕ್ಕಮ್ಮ… ಐತ್ರಿ ಸರ. ಎಂಟು ಡಬ್ಬಾ ಅದಾವ.”

“ಸಂಗಣ್ಣ, ಆ ಡಬ್ಬಾ ನನಗೆ ಬೇಕು. ಯಾರಿಗೂ ಕೊಡಬೇಡಿ.”

“ಡಬ್ಬಾಕ್ಕ ಇಲ್ಲಿ ಭಾಳ ಗಿರಾಕಿ ಅದಾರ್ರಿ.”

ಓಹೋ! ನಮ್ಮ ಗುಂಪಿನವನೇ ಯಾವನೋ ಆಗಲೇ ವಾಸನೆ ಹಿಡಿದಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. “ಯಾರೇ ಬರಲಿ, ಒಂದೇ ಒಂದು ಡಬ್ಬಾ ಹೊರಗೆ ಹೋಗಬಾರದು. ಶನಿವಾರ ನಾನೇ ಬಂದು ತಗೋತೀನಿ.”

“ಆತ್ರಿ ಸರ. ಅದು ನನ್ನ ಜವಾಬ್ದಾರಿ. ನೀವು ಬೇಫಿಕರ್ ಇರ್ರಿ.”

ಅವತ್ತೇ ಓಡಬೇಕಿತ್ತು. ಆದರೆ ಶುಕ್ರವಾರ ಆಫೀಸಿನಲ್ಲಿ ಗಡುವು. ಅರ್ಧ ದಿನ ರಜೆ ಕೇಳಿದ್ದಕ್ಕೆ ಮ್ಯಾನೇಜರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬಾಯಿ ಮುಚ್ಚಿಕೊಂಡು ಹೋಗಿ ಕೂತೆ, ಹೇಡಿ ನಾನು.

ಶನಿವಾರ ವತ್ಸಲಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಆಟೋದಲ್ಲಿ ದಾರಿಯುದ್ದಕ್ಕೂ ಅವರದೇ ಮಾತು. ಕಾರ್ಖಾನೆಯ ಘಾಟಿಗೆ ಮೂಗಿಗೆ ಸೆರಗು ಹಿಡಿದಾಗಲೂ ನಗುತ್ತಲೇ ಇದ್ದರು.

ಸಂಗಣ್ಣ ಎಂಟು ಡಬ್ಬಾ ತಂದು ಸಾಲಾಗಿ ಇಟ್ಟ. ತುಕ್ಕೆಲ್ಲ ಹೋಗುವಂತೆ ತಿಕ್ಕಿ ತೊಳೆದು ಫಳಫಳ ಮಾಡಿದ್ದ. ಒಂದನ್ನು ಎತ್ತಿದೆ, ಹಗುರ. ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ.

“ಫಿಲ್ಮ್ ಎಲ್ಲಿ ಸಂಗಣ್ಣ?”

“ಒಳಗಿನ ಮಾಲೇನ್ರಿ? ಅದನ್ನ ಬುಧವಾರನ ತೊಳದೇವ್ರಿ. ನೀವು ಡಬ್ಬಾ ಕೇಳಿದ್ರಲ್ರಿ? ರೊಟ್ಟಿ ಇಡಾಕ ಚಲೋ ಆಗ್ತಾವ ಅಂತ ಎಲ್ಲಾರೂ ಬಂದು ಕೇಳಿದ್ರು. ಒಬ್ಬರಿಗೂ ಕೊಟ್ಟಿಲ್ರಿ. ಎಣಿಸಿ ನೋಡ್ರಿ, ಎಂಟಕ್ಕ ಎಂಟು.”

ಮೂಲೆಯಲ್ಲಿ ತೊಳೆದ ಫಿಲ್ಮ್ ಗುಡ್ಡೆ ಬಿದ್ದಿತ್ತು. ವತ್ಸಲಮ್ಮ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದರು. ಅದರ ಮೂಲಕ ಆಚೆಯ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಯಾರ ಕೆನ್ನೆಗಾದರೂ ಬಾರಿಸಬೇಕು ಎನಿಸಿತು ನನಗೆ. ಯಾರ ಕೆನ್ನೆಗೆ? ನಾನು ಹೇಳಿದ್ದನ್ನು ಒಂದಕ್ಷರ ತಪ್ಪದೆ ಮಾಡಿದವನು ಎದುರಿಗೆ ನಿಂತಿದ್ದ.

“ಯಾಕ್ರಿ ಸರ, ತಪ್ಪಾತೇನ್ರಿ?”

ನಾನು ಮುಚ್ಚಳ ಮತ್ತೆ ಹಾಕಿದೆ. ವತ್ಸಲಮ್ಮನೇ ಕೇಳಿದರು, “ತೊಳೆಯೋಕ್ಕೆ ಮುಂಚೆ ಅದರಲ್ಲಿ ಏನಿತ್ತು ಅಂತ ನೋಡಿದೆಯೇನಪ್ಪ?”

“ನೋಡೇನ್ರಿ ಅಮ್ಮಾರ. ನಮ್ಮ ಕನ್ನಡದ್ದು ಅಂತ ಬಿಸಿಲಿಗೆ ಹಿಡದು ನೋಡಿದೆ. ಒಬ್ಬ ಹೆಣ್ಮಗಳು ಒರಳಿನ ಮ್ಯಾಲೆ ಕುಂತು ನಗಾಕತ್ತಿದ್ಲ್ರಿ.”

“ಹೇಗಿದ್ದಳು?”

“ಭಾಳ ಚಂದ ಇದ್ಲ್ರಿ. ಗಲ್ಲದ ಮ್ಯಾಲೆ ಕುಣಿ ಬಿದ್ದಿತ್ತು. ಯಾರ್ರಿ ಆಕಿ?”

ವತ್ಸಲಮ್ಮ ಕೈಯಲ್ಲಿದ್ದ ತುಂಡನ್ನು ಗುಡ್ಡೆಯ ಮೇಲೆ ಹಾಕಿದರು.

“ಯಾರೋ ಏನೋ, ಗೊತ್ತಿಲ್ಲಪ್ಪ,” ಎಂದರು.