ಮುಕ್ತ ಗೋಡೆಗೆ ಎರಡು ಕೋಟು

ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದೆ ಅರವತ್ತು ಅಡಿ ಉದ್ದದ ಕಾಂಪೌಂಡ್ ಗೋಡೆ. ಅದಕ್ಕೆ 'ಮುಕ್ತ ಗೋಡೆ' ಎಂದು ಹೆಸರಿಟ್ಟು, ಯಾರು ಏನು ಬೇಕಾದರೂ ಬರೆಯಬಹುದು ಎಂದು ಕುಲಪತಿಗಳು ಸಾರಿದ್ದರು. ಪಕ್ಕದಲ್ಲೇ, ಏನೇನು ಬರೆಯಬಾರದು ಎಂಬ ಹದಿನೇಳು ನಿಯಮಗಳ ಫಲಕ. ಎರಡನ್ನೂ ಬರೆದ ಕೈ ಒಂದೇ, ವಿಶ್ವವಿದ್ಯಾಲಯದ ಪೇಂಟರನದು.

ಹುಡುಗರ ಬಾಯಲ್ಲಿ ಅವನು ಪೇಂಟರಣ್ಣ. ಒಂದು ಕಾಲಕ್ಕೆ ಅಂಗಡಿ ಬೋರ್ಡು ಬರೆಯುತ್ತಿದ್ದವನು; ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಫ್ಲೆಕ್ಸ್ ಬಂದು ಆ ಕಸುಬು ನೆಲಕಚ್ಚಿದ ಮೇಲೆ ಇಲ್ಲಿ ಸೇರಿದ. ಸೇರಿದಾಗಿನಿಂದ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಗೋಡೆಯ ಮೇಲಿನ ಬರಹ ನಿಯಮ ಮೀರಿದೆಯೇ ಎಂದು ನೋಡಲು ಐದು ಜನರ ಸಮಿತಿಯಿತ್ತು. ಅದಕ್ಕೆ ಮುಖ್ಯಸ್ಥೆ ವಿದ್ಯಾರ್ಥಿ ಕ್ಷೇಮಾಧಿಕಾರಿ ಮೇಡಂ. ಸಮಿತಿ ಹೇಳಿದರೆ ಎರಡು ಕೋಟು ಬಿಳಿ ಬಳಿಯಬೇಕು. ಹೇಳದಿದ್ದರೆ ಬ್ರಷ್ ಮುಟ್ಟುವಂತಿಲ್ಲ.

ವಿದ್ಯಾರ್ಥಿ ಸಂಘದ ಚುನಾವಣೆಗೆ ಮೂರು ವಾರವಿತ್ತು. ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಒಬ್ಬಳು ಎಂ.ಎ. ಓದುವ ಹುಡುಗಿ. ಬಲು ಚುರುಕು, ಆದರೆ ಮಾತಾಡುವಾಗ ತೊದಲುತ್ತಿದ್ದಳು. ಒಂದು ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಕಾಗೆ ಕಾಲಿನ ಅಕ್ಷರದಲ್ಲಿ ಒಂದು ಬರಹ ಕಾಣಿಸಿತು:

'ತೊ-ತೊ-ತೊದಲು ರಾಣಿಗೆ ಓಟು ಹಾಕಿ! ಅವಳ ಭಾಷಣ ಮುಗಿಯೋದ್ರೊಳಗೆ ನಮ್ಮ ಡಿಗ್ರಿ ಮುಗಿಯುತ್ತೆ!'

ಆ ಹುಡುಗಿ ಬ್ಯಾಗನ್ನು ಎದೆಗವಚಿಕೊಂಡು ಅದನ್ನು ಓದಿ, ಸುಮ್ಮನೆ ಹೋದದ್ದನ್ನು ಪೇಂಟರಣ್ಣ ನೋಡಿದ. ಅವನ ತಂಗಿಯೂ ಹೀಗೇ ತೊದಲುತ್ತಿದ್ದವಳು. ಹಾಜರಿ ಕೂಗುವಾಗ 'ಎಸ್ ಸಾರ್' ಎನ್ನುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ಎದುರಿಗೇ ಕೂತಿದ್ದರೂ ಗೈರುಹಾಜರಿ ಬಿದ್ದು ಬಿದ್ದು, ಕೊನೆಗೆ ಶಾಲೆಯನ್ನೇ ಬಿಟ್ಟಳು.

ಅವನು ಮೇಡಂಗೆ ಫೋನು ಮಾಡಿದ.

"ನೋಡ್ದೆ ಕಣಪ್ಪ, ತುಂಬಾ ಬೇಜಾರಾಯ್ತು," ಎಂದರು ಮೇಡಂ. "ಆದರೆ ಕೋರಂ ಇಲ್ವಲ್ಲ. ವಿದ್ಯಾರ್ಥಿಗಳ ಮನಃಕ್ಷೇಮದ ಬಗ್ಗೆ ಸೆಮಿನಾರ್‌ಗೆ ಮೂರು ಜನ ಮೆಂಬರ್ಸ್ ಹೋಗಿದ್ದಾರೆ. ಬರ್ಲಿ."

ಮಂಗಳವಾರ ಬರಲಿಲ್ಲ, ಬುಧವಾರವೂ ಬರಲಿಲ್ಲ. ಗುರುವಾರ ಪೇಂಟರಣ್ಣ ಬಕೆಟ್ಟು ಹಿಡಿದು ಹೋದವನೇ ಎರಡು ಕೋಟು ಎಳೆದುಬಿಟ್ಟ. ಕೈತೊಳೆದು ಮನೆಗೆ ಹೋಗಿ, ಹೆಂಡತಿಗೆ ಹೇಳಿ, ಹೊಟ್ಟೆತುಂಬಾ ಉಂಡ.

ಶುಕ್ರವಾರ ನೋಟಿಸು ಬಂತು. ಸಮಿತಿಯ ಅಪ್ಪಣೆಯಿಲ್ಲದೆ ಬರಹ ಅಳಿಸಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ತಂದಿದ್ದಾನೆ ಎಂದು ಯಾರೋ ಹೆಸರು ಹಾಕದೆ ದೂರು ಕೊಟ್ಟಿದ್ದರು. ಬರಹದ ಬಗ್ಗೆ ನಾಲ್ಕು ದಿನ ಸೇರದ ಸಮಿತಿ, ಪೇಂಟರನ ಬಗ್ಗೆ ಒಂದೇ ದಿನದಲ್ಲಿ ಸೇರಿತು.

"ನಿನ್ನ ಉದ್ದೇಶ ಒಳ್ಳೇದೇ ಇರಬಹುದು," ಎಂದರು ಮೇಡಂ. ಅವರೇನೂ ಕೆಟ್ಟವರಲ್ಲ; ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. "ಆದರೆ ಇವತ್ತು ನೀನು ಇದನ್ನ ಅಳಿಸ್ತೀಯ, ನಾಳೆ ಇನ್ನೊಬ್ಬ ಇನ್ನೊಂದು ಅಳಿಸ್ತಾನೆ. ಅದಕ್ಕೇ ತೀರ್ಮಾನ ಆಗೋವರೆಗೂ ಯಥಾಸ್ಥಿತಿ ಕಾಪಾಡಬೇಕು."

"ಅಂದ್ರೆ ಮೇಡಂ?"

"ಇದ್ದದ್ದನ್ನ ಇದ್ದ ಹಾಗೇ ಮತ್ತೆ ಬರೀಬೇಕು."

"ಯಾರು?"

ಎಲ್ಲರೂ ಅವನ ಬಣ್ಣ ಮೆತ್ತಿದ ಕೈಯನ್ನೇ ನೋಡಿದರು. ಮೇಡಂ ಫೈಲಿನಿಂದ ಗೋಡೆಯ ಫೋಟೋ ತೆಗೆದು ಅವನ ಮುಂದಿಟ್ಟರು. "ಮೂರು 'ತೊ' ಇದೆ ನೋಡು. ಒಂದು ಹೆಚ್ಚೂ ಆಗಬಾರದು, ಒಂದು ಕಮ್ಮೀನೂ ಆಗಬಾರದು."

ಮಾರನೆಯ ದಿನ ಅವನು ಗೋಡೆಗೆ ದಾರ ಹಿಡಿದು ಗೆರೆ ಹಾಕುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಅಣ್ಣಾ, ಅ-ಅಳಿಸಿದ್ದು ನೀವೇನಾ?"

ಅದೇ ಹುಡುಗಿ. ಅವನು ನಾಚಿಕೊಂಡು ತಲೆಯಾಡಿಸಿದ. ಎಷ್ಟೆಂದರೂ ಒಂದು ಥ್ಯಾಂಕ್ಸಿಗಾಗಿ ಮನಸ್ಸು ಕಾದಿತ್ತು.

"ಯಾ-ಯಾಕಣ್ಣ ಅಳಿಸಿದ್ರಿ?" ಎಂದಳು. ಬ್ಯಾಗಿನಿಂದ ದಪ್ಪ ಮಾರ್ಕರ್ ತೆಗೆದು ತೋರಿಸಿದಳು. "ಅದರ ಕೆ-ಕೆಳಗೇ ಉತ್ತರ ಬರೀಬೇಕು ಅಂತ ಮೂರು ದಿನ ಯೋಚನೆ ಮಾಡಿ ಬಂದೆ. ಬಂದು ನೋಡಿದ್ರೆ ಗೋಡೆ ಖಾಲಿ. ಮೀಟಿಂಗಲ್ಲಿ ನಾನು ಬಾ-ಬಾಯಿ ತೆಗೆಯೋದರೊಳಗೆ ಬೇರೆಯವರು ನನ್ನ ಮಾತು ಮುಗಿಸಿಬಿಡ್ತಾರೆ. ಗೋಡೆ ಮೇಲೆ ನಾನು ತೊದಲೋದಿಲ್ಲ ಅಣ್ಣಾ."

ಪೇಂಟರಣ್ಣನ ಮುಖ ಸುಣ್ಣದ ಹಾಗಾಯಿತು. ಬೇರೆಯವರಂತೆ ತಾನೂ ಅವಳ ಮಾತಿಗೆ ಮುಂಚೆ ಬಾಯಿ ಹಾಕಿದೆನಲ್ಲ ಎನಿಸಿತು. ದಾರ ಕೆಳಗಿಳಿಸಿ, "ಕೆಳಗೆ ಎಷ್ಟು ಜಾಗ ಬಿಡ್ಲಮ್ಮಾ?" ಎಂದು ಕೇಳಿದ.

"ನಾ-ನಾಲ್ಕು ಸಾಲು."

ಅವನು ಬರೆದ. ಕೆಟ್ಟದಾಗಿ ಬರೆಯೋಣವೆಂದರೆ ಕೈ ಕೇಳಬೇಕಲ್ಲ! ಕೊಂಬು, ದೀರ್ಘ, ಒತ್ತು ಎಲ್ಲ ಅಚ್ಚುಕಟ್ಟಾಗಿ ಕೂತು, ಯಾವನೋ ಗೀಚಿದ ಕುಚೋದ್ಯ ವಿಶ್ವವಿದ್ಯಾಲಯದ ಅಧಿಕೃತ ಪ್ರಕಟಣೆಯಂತೆ ಕಾಣತೊಡಗಿತು. ಹೋಗಿ ಬರುವವರೆಲ್ಲ ನಿಂತು ಓದಿದರು. ಮೊದಲು ನಕ್ಕಿದ್ದವರಿಗೆ ಈಗ ನಗು ಬರಲಿಲ್ಲ.

ಸಂಜೆ ಒಬ್ಬ ಹುಡುಗ ಹತ್ತಿರ ಬಂದು, ಆಚೆ ಈಚೆ ನೋಡಿ ಪಿಸುಗುಟ್ಟಿದ. "ಅಣ್ಣಾ, ಅದು ನಾನು ಬರೆದಿದ್ದು. ಏನೋ ತಮಾಷೆಗೆ. ದೂರು ಕೊಟ್ಟಿದ್ದೂ ನಾನೇ. ನೀವು ಇಷ್ಟು ಚೆನ್ನಾಗಿ ಬರೆದಮೇಲೆ ಅದು ಎಷ್ಟು ಕೆಟ್ಟದಾಗಿದೆ ಅಂತ ಗೊತ್ತಾಯ್ತು. ದಯವಿಟ್ಟು ಅಳಿಸಿಬಿಡಿ."

"ನಾನು ಅಳಿಸಿದ್ರೆ ಸ್ವಾತಂತ್ರ್ಯಕ್ಕೆ ಧಕ್ಕೆ ಆಗುತ್ತಪ್ಪಾ. ಅರ್ಜಿ ಕೊಡು, ಸಮಿತಿ ನೋಡುತ್ತೆ."

"ಅರ್ಜೀಲಿ ಹೆಸರು ಹಾಕ್ಬೇಕಾ?"

"ಅಪ್ಪನ ಹೆಸರೂ ಹಾಕ್ಬೇಕು."

ಹುಡುಗ ಮತ್ತೆ ಅತ್ತ ಸುಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿಯ ನಾಲ್ಕು ಸಾಲು ಗೋಡೆ ಏರಿದವು:

'ನಿಜ, ನನ್ನ ಮಾತು ನಿಧಾನ.
ಹೆಣ್ಣುಮಕ್ಕಳ ಹಾಸ್ಟೆಲಿನ ಬಚ್ಚಲುಮನೆಗೆ ಚಿಲಕ ಬೇಕೆಂದು ದೂರು ಕೊಟ್ಟು ಎರಡು ವರ್ಷವಾಯಿತು.
ನನಗಿಂತ ನಿಧಾನದವರು ಆಡಳಿತ ಭವನದಲ್ಲಿದ್ದಾರೆ.
ಅವರಿಗೆ ಓಟು ಹಾಕಿದವರು ಯಾರು?'

ಹತ್ತು ಗಂಟೆಗೆ ಗೋಡೆಯ ಮುಂದೆ ಜಾತ್ರೆ. ಹತ್ತೂಮುಕ್ಕಾಲಿಗೆ ಸಮಿತಿ ಸೇರಿತ್ತು, ಕೋರಂ ಸಮೇತ. ಹನ್ನೊಂದಕ್ಕೆ ಮೇಡಂ ಸ್ವತಃ ಆದೇಶ ಹಿಡಿದು ಬಂದರು.

"ಸಿಬ್ಬಂದಿಯ ಮನಸ್ಸಿಗೆ ಘಾಸಿ ಆಗಿದೆಯಂತೆ," ಎಂದರು ಅವನ ಮುಖ ನೋಡದೆ. "ಕ್ಷೇಮದ ದೃಷ್ಟಿಯಿಂದ ಕೆಳಗಿನ ನಾಲ್ಕು ಸಾಲು ಅಳಿಸ್ಬೇಕು."

"ಮೇಲಿಂದು?"

"ಅದಿನ್ನೂ ಪರಿಶೀಲನೇಲಿದೆ."

ಪೇಂಟರಣ್ಣ ಆದೇಶವನ್ನು ಕಣ್ಣಿಗೊತ್ತಿಕೊಳ್ಳುವಷ್ಟು ವಿನಯದಿಂದ ತೆಗೆದುಕೊಂಡ. "ಆಗಲಿ ಮೇಡಂ. ಆದ್ರೆ ಇದು ಪರ್ಮನೆಂಟ್ ಮಾರ್ಕರ್. ಪ್ರೈಮರ್ ಹೊಡೀದೆ ಬಿಳಿ ಬಳಿದ್ರೆ ಅಕ್ಷರ ಮೇಲೆದ್ದು ಬರ್ತದೆ. ಪ್ರೈಮರ್ ಮುಗಿದಿದೆ, ಇವತ್ತೇ ಸ್ಟೋರಿಗೆ ಇಂಡೆಂಟ್ ಹಾಕ್ತೀನಿ."

"ಎಷ್ಟು ದಿನ ಆಗುತ್ತೆ?"

"ನಿಮಗೇ ಗೊತ್ತಲ್ಲ ಮೇಡಂ, ಆಡಳಿತ ಭವನದಿಂದ ಸಹಿ ಆಗ್ಬೇಕು."

ಮೇಡಂ ಅವನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ತುಟಿಯಂಚಿಗೆ ಬಂದ ನಗುವನ್ನು ಕೆಮ್ಮಿ ನುಂಗಿಕೊಂಡು ಹೊರಟುಹೋದರು. ಪ್ರೈಮರ್ ಡಬ್ಬ ಬಂದದ್ದು ಚುನಾವಣೆ ಮುಗಿದ ಐದನೆಯ ದಿನ.

ಹುಡುಗಿ ನಲವತ್ತಮೂರು ಓಟಿನಿಂದ ಗೆದ್ದಿದ್ದಳು. ಸಮಿತಿಯೂ ಸುಮ್ಮನೆ ಕೂರಲಿಲ್ಲ. ಹದಿನೆಂಟನೆಯ ನಿಯಮ ತಂದಿತು. ಇನ್ನು ಮುಂದೆ ಗೋಡೆಗೆ ಬರೆಯುವವರು ಮೊದಲು ಅರ್ಜಿ ಕೊಡಬೇಕು. ಒಂದು ತಿಂಗಳು ಯಾರೂ ಅರ್ಜಿ ಕೊಡಲಿಲ್ಲ. 'ಕ್ಷೇಮ ಮತ್ತು ಸ್ವಾತಂತ್ರ್ಯದ ನಡುವೆ ಪೂರ್ಣ ಸಮತೋಲನ ಸಾಧಿಸಲಾಗಿದೆ' ಎಂದು ಸಮಿತಿ ವರದಿ ಬರೆಯಿತು.

ಆ ನಿಯಮ ತೆಗೆಯಬೇಕೆಂದು ಹುಡುಗಿ ಕುಲಪತಿಗಳ ಸಭೆಯಲ್ಲಿ ಎದ್ದು ನಿಂತ ದಿನ ಪೇಂಟರಣ್ಣ ಹೊರಗೆ ಅದೇ ಸಭಾಂಗಣದ ಕಿಟಕಿಗೆ ಬಣ್ಣ ಹೊಡೆಯುತ್ತಿದ್ದ. ಮಾತಿಗೆ ತಲಾ ಐದು ನಿಮಿಷ. ಅವಳು 'ಅ-ಅ-ಅ' ಎಂದು ಒಂದು ಶಬ್ದಕ್ಕೆ ಸಿಕ್ಕಿಕೊಂಡಳು. ಯಾರೋ ಸಹಾಯಕ್ಕೆಂದು, "ಅಭಿವ್ಯಕ್ತಿ ಅಂತ ತಾನೆ?" ಎಂದರು.

"ಅವಳೇ ಹೇಳ್ತಾಳೆ ಬಿಡಿ," ಎಂದಿತು ಇನ್ನೊಂದು ದನಿ. ಮೇಡಂನದು.

"ಅ-ಅ-ಅರ್ಜಿ," ಎಂದಳು ಹುಡುಗಿ. ಅಲ್ಲಿಂದ ಮುಂದೆ ಹನ್ನೊಂದು ನಿಮಿಷ ಮಾತಾಡಿದಳು. ಪೇಂಟರಣ್ಣನ ಬ್ರಷ್ಷು ಕೈಯಲ್ಲೇ ಒಣಗಿತು.

ನಿಯಮವೇನೂ ಹೋಗಲಿಲ್ಲ, ಉಪಸಮಿತಿಗೆ ಹೋಯಿತು. ಆದರೆ ಮರುವಾರವೇ ಹಾಸ್ಟೆಲಿನ ಬಚ್ಚಲುಮನೆಗಳಿಗೆಲ್ಲ ಹೊಸ ಬಾಗಿಲು, ಗಟ್ಟಿ ಚಿಲಕ ಬಂದವು. ಬಾಗಿಲುಗಳಿಗೆ ತಿಳಿ ಹಸಿರು ಬಳಿದು ಮುಗಿಸಿದ ಪೇಂಟರಣ್ಣ ಪ್ರತಿ ಚಿಲಕವನ್ನೂ ಒಳಗಿನಿಂದ ಒಮ್ಮೆ ಹಾಕಿ, ತೆಗೆದು ನೋಡಿ ಮನೆಗೆ ಹೋದ.