ಹಿಂದಿನ ಚಕ್ರದ ಗಾಳಿ

ಕಾರಿನ ಹಿಂದೆ ಕಟ್ಟಿದ್ದ ಕ್ಯಾರವಾನ್ ಕನ್ನಡಿಯಲ್ಲಿ ಮೊದಲು ಎಡಕ್ಕೆ ಇಣುಕಿತು, ಆಮೇಲೆ ಬಲಕ್ಕೆ. ಪಕ್ಕದಲ್ಲಿ ಲಾರಿಯೊಂದು ಭರ್ರೆಂದು ದಾಟಿಹೋದದ್ದೇ ನೆಪ, ಇಳಿಜಾರಿನಲ್ಲಿ ಆ ಚಕ್ರದ ಮನೆ ಕುಡಿದವನ ಹಾಗೆ ತೂರಾಡುತ್ತ ಕಾರಿನ ಹಿಂಭಾಗವನ್ನೂ ಎಳೆದಾಡಿತು. ಪಕ್ಕದ ಸೀಟಿನಲ್ಲಿದ್ದ ಅವಳು ಕೂಗಿದಳು.

"ಬ್ರೇಕ್ ಹಾಕ್ರೀ!"

"ಈಗ ಹಾಕಿದ್ರೆ ಮಗುಚಿಕೊಳ್ಳುತ್ತೆ. ಸುಮ್ನಿರೇ."

ಗಂಡ ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರಕ್ಕೆ ಹಿಡಿದು ಕೂತ. ಗರಗಸ ಹಿಡಿದಾಗ ಕೂದಲೆಳೆಯಷ್ಟೂ ಅಲುಗದ ಬಡಗಿಯ ಕೈ ಈಗ ನಡುಗುತ್ತಿತ್ತು. ಅದನ್ನು ಕಂಡ ಮೇಲಂತೂ ಅವಳಿಗಿದ್ದ ಅಷ್ಟಿಷ್ಟು ಧೈರ್ಯವೂ ಹೋಯಿತು. ವೇಗ ಇಳಿಯುತ್ತ ಇಳಿಯುತ್ತ ತೂರಾಟ ನಿಂತು, ಗಾಡಿ ತೆವಳಿಕೊಂಡು ಪೆಟ್ರೋಲ್ ಬಂಕ್ ಸೇರಿತು.

ಬೆನ್ನಿನ ಆಪರೇಷನ್ ಆದಮೇಲೆ ಅವಳಿಗೆ ಗಂಡ ಮಾಡಿಕೊಟ್ಟ ಮಂಚ ಬಿಟ್ಟರೆ ಬೇರೆಲ್ಲೂ ನಿದ್ದೆ ಹತ್ತುತ್ತಿರಲಿಲ್ಲ. ಅಕ್ಕನ ಮನೆಗೆ ಹೋಗುವ ಆಸೆ ಮಾತ್ರ ಬಿಡಲಿಲ್ಲ. ಕೊನೆಗೆ ಅವನು ತನ್ನ ಅಣ್ಣನ ಕ್ಯಾರವಾನ್ ಕೇಳಿ ತಂದು ಅದರೊಳಗೆ ಆ ಮಂಚವನ್ನೇ ಕೂರಿಸಿದ್ದ. ಕುಂಟನಿಗೆ ಎಂಟು ಚೇಷ್ಟೆ ಎಂದು ಬೆಳಿಗ್ಗೆ ಅವಳು ತನ್ನನ್ನೇ ಗೇಲಿ ಮಾಡಿಕೊಂಡು ಕಾರು ಹತ್ತಿದ್ದಳು.

ಅವನು ಇಳಿದು ಕಾರಿನ ಹಿಂದಿನ ಚಕ್ರ ಒತ್ತಿ ನೋಡಿದ. ಕಾರಿನ ಬಾಗಿಲು ತೆರೆದು, ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂದು ಅದರ ಪಕ್ಕ ಅಂಟಿಸಿದ್ದ ಚೀಟಿ ಓದಿದ. ಮುಖ ಬಿಳುಚಿಕೊಂಡಿತು.

"ಏನಾಗಿತ್ರೀ?"

"ನೀನು ಆಸ್ಪತ್ರೆಯಿಂದ ಬಂದಾಗಿಂದ ಗಾಳಿ ಕಮ್ಮಿ ಇಟ್ಟಿದ್ದೆನಲ್ಲ, ಹಾಗೇ ಹೊರಟುಬಿಟ್ಟೆ. ಇಷ್ಟು ಭಾರ ಎಳೆಯುವಾಗ ಜಾಸ್ತಿ ಬೇಕು ಕಣೇ."

ಕಾರು ರಸ್ತೆಯ ಗುಂಡಿಗೆ ಇಳಿದರೆ ನೋವಿಗೆ ಪ್ರಾಣ ಹೋಗುತ್ತದೆ, ಚಕ್ರ ಮೆತ್ತಗಿರಲಿ ಎಂದು ಗೋಗರೆದವಳು ಅವಳೇ.

"ಹಾಗಿದ್ರೆ ಹಾಕಿ."

"ಟೈರು ಕಲ್ಲಾಗುತ್ತೆ. ನಿನ್ನ ಬೆನ್ನು..." ಅವನು ಗಾಳಿಯ ಪೈಪು ಎಳೆದುಕೊಂಡ. "ಅರ್ಧಕ್ಕೆ ನಿಲ್ಲಿಸ್ತೀನಿ. ನಿಧಾನಕ್ಕೆ ಹೋದ್ರಾಯ್ತು."

ಹಾಗೇ ಮಾಡಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಸಾವಿಗಿಂತ ಆ ಬೆನ್ನುನೋವಿಗೇ ಹೆಚ್ಚು ಹೆದರಿದ್ದ ದಿನಗಳೂ ಇದ್ದವು. ಅಷ್ಟರಲ್ಲಿ ಚಕ್ರಕ್ಕೆ ಗಾಳಿ ತುಂಬುವ ಕೊಳವೆಯ ಪುಟ್ಟ ಮುಚ್ಚಳ ಅವನ ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು.

"ಬೇಡ. ಪೂರ್ತಿ ಹಾಕಿ," ಎಂದಳು. "ನೀವೇ ಇಲ್ದಿದ್ರೆ ಈ ಬೆನ್ನು ಕಟ್ಕೊಂಡು ನಾನೇನು ಮಾಡ್ಲಿ?"

ಬಿಸಿ ಚಕ್ರದಲ್ಲಿ ಗಾಳಿಯ ಅಳತೆ ಸರಿಯಾಗಿ ಸಿಗುವುದಿಲ್ಲವೆಂದು ಇಬ್ಬರೂ ಅದು ತಣ್ಣಗಾಗುವವರೆಗೆ ಕಾದರು. ಆಮೇಲೆ ಅವನು ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿದಷ್ಟೇ ತುಂಬಿದ. ಕ್ಯಾರವಾನಿನ ಚಕ್ರಗಳನ್ನೂ ನೋಡಿದ.

ಊರೊಂದರ ಬಾಗಿಲಲ್ಲಿ ಮೊದಲ ಹಂಪ್ ಬಂತು. ಅವನು ಕಾರನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ದಾಟಿಸಿದರೂ ಪೆಟ್ಟು ನೆತ್ತಿಗೆ ಏರಿತು. ಅವಳ ಕಣ್ಣಲ್ಲಿ ದಳದಳ ನೀರಿಳಿಯಿತು.

"ನೋವಾಯ್ತಾ?"

"ರಸ್ತೆ ನೋಡಿ."

ಕಣ್ಣೊರೆಸಿಕೊಂಡು ಕನ್ನಡಿ ನೋಡಿದಳು. ಕ್ಯಾರವಾನ್ ನೆಟ್ಟಗೆ ಹಿಂದೆಯೇ ಬರುತ್ತಿತ್ತು. ಕಿಟಕಿಯ ಪರದೆ ಕೂಡ ಅಲುಗುತ್ತಿರಲಿಲ್ಲ. ಮುಂದೆ ಇನ್ನೊಂದು ಹಂಪ್ ಕಾಣಿಸಿತು. ಅವಳು ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.